ವಿಯೆಟ್ನಾಮಿಗೆ ಹೊರಟ ಅತ್ತೆ, ತುಳಸಿ ಕುಂಡದ ಕೀಲಿಕೈ

ಕೇಳಿ ಸ್ನೇಹಿತರೇ, ಇವತ್ತು ವಿಯೆಟ್ನಾಂ ಪ್ರವಾಸಕ್ಕೆ ಹೊರಟ ನನ್ನ ಸೋದರತ್ತೆಯನ್ನು ಮೈಲಾಪೂರಿನ ಅವರ ಮನೆಯಿಂದ ಏರ್‌ಪೋರ್ಟಿಗೆ ಆಟೋದಲ್ಲಿ ಕರೆದೊಯ್ಯುತ್ತಿದ್ದೆ. ಅತ್ತೆ ಕನ್ನಡಕ ಏರಿಸಿ, ಪ್ರವಾಸಿಗರಿಗೆಂದು ಫೋನಿಗೆ ಬಂದ ಕಿವಿಮಾತುಗಳನ್ನು ಜೋರಾಗಿ ಓದಿದರು. "ಗುರುತಿಲ್ಲದವರ ಹತ್ತಿರ ನಿಮ್ಮ ವಿಷಯ ಬಾಯಿಬಿಡಬೇಡಿ. ನೋಡೇ, ಎಷ್ಟು ಒಳ್ಳೇ ಮಾತು!"

ಮರುಕ್ಷಣವೇ ಆಟೋ ಡ್ರೈವರಿಗೆ ತಮಿಳಿನಲ್ಲಿ ಎಲ್ಲ ಒಪ್ಪಿಸಿದರು: ಮನೆಗೆ ಹತ್ತು ದಿನ ಬೀಗ, ಕೆಲಸದವಳಿಗೆಂದು ಕೀಲಿಕೈ ತುಳಸಿ ಕುಂಡದ ಕೆಳಗೆ.

ಅರ್ಧ ದಾರಿಯಲ್ಲಿ, ಗಿಂಡಿ ಎಂಬಲ್ಲಿ ಆತ ಗಾಡಿ ನಿಲ್ಲಿಸಿದ. "ಅಮ್ಮಾ, ವಂಡಿ ತಿರುಪ್ಪಟ್ಟುಮಾ?" ಗಾಡಿ ತಿರುಗಿಸಲಾ ಎಂದು ಕೇಳಿದವನು ಉತ್ತರಕ್ಕೂ ಕಾಯದೆ ಮೈಲಾಪೂರಿಗೆ ತಿರುಗಿಸಿಯೇಬಿಟ್ಟ. ಕೀಲಿಕೈ ಪಕ್ಕದ ಮನೆಗೆ ಸೇರಿತು, ವಿಮಾನ ಹೇಗೋ ಸಿಕ್ಕಿತು.

ಅತ್ತೆಯ ಬಾಯಿಗೆ ದಾರಿಯುದ್ದಕ್ಕೂ ಬೈದ ನಾನೀಗ, ಆ ಮನೆಗೆ ಹತ್ತು ದಿನ ಬೀಗವೆಂದು ಊರಿಗೆಲ್ಲ ಪೋಸ್ಟ್ ಹಾಕುತ್ತಿದ್ದೇನೆ. ವಂಶದ ಗುಣ ಎಲ್ಲಿಗೆ ಹೋದೀತು?