ಗಾಜಿನ ದೋಣಿಗೆ ಇಳಿದವಳು

ದಢ್, ದಢ್. ದೊಡ್ಡ ಹಡಗಿನ ಪಕ್ಕೆಗೆ ಸಣ್ಣ ದೋಣಿ ಬಂದು ಬಡಿಯುವ ಸದ್ದು. ಯಾರೋ ಅವಸರದಲ್ಲಿ ಬಾಗಿಲು ತಟ್ಟಿದ ಹಾಗೆ. ಮೊನ್ನೆ ಪುತ್ತೂರು ಪೇಟೆಯಲ್ಲಿ ಯಾರೋ ಜೀಪಿನ ಹಿಂದಿನ ತಗಡಿಗೆ ಹಾಗೆ ಬಡಿದರು. ನಾನು ಛತ್ರಿ ಹಿಡಿದು ನಡುರಸ್ತೆಯಲ್ಲೇ ನಿಂತುಬಿಟ್ಟೆ.

ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾವು ನಾಲ್ವರು, ಎಪ್ಪತ್ತು ದಾಟಿದ ಮೇಲೆ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವುದೆಂದು ನಿಶ್ಚಯಿಸಿದೆವು. ಒಂದು ಕಾಲದಲ್ಲಿ ಕ್ಲಾಸ್ ಲೀಡರ್ ಆಗಿದ್ದೆ ಎಂಬ ಒಂದೇ ಕಾರಣಕ್ಕೆ ಏರ್ಪಾಡೆಲ್ಲ ನನ್ನ ತಲೆಗೆ ಬಂತು. ಟಿಕೆಟಿನ ಜೊತೆ ಒಂದು ಫಾರ್ಮ್. ಹಡಗು ದಿನಕ್ಕೊಂದು ದ್ವೀಪದ ಹತ್ತಿರ ಲಂಗರು ಹಾಕುತ್ತದೆ. ಅಲ್ಲಿ ಯಾರು ಏನು ನೋಡುತ್ತಾರೆಂದು ಮೊದಲೇ ಬರೆದು ಕಳಿಸಬೇಕು. ಮೊದಲ ದ್ವೀಪದಲ್ಲಿ ಗಾಜಿನ ತಳದ ದೋಣಿ, ಎರಡನೆಯದರಲ್ಲಿ ದೀಪಸ್ತಂಭ, ಮೂರನೆಯದರಲ್ಲಿ ಮೀನು ಒಣಗಿಸುವ ಹಳ್ಳಿ. ಯಾವುದೂ ಬೇಡದವರಿಗೆ ಕೊನೆಯಲ್ಲೊಂದು ಚೌಕ: ಹಡಗಿನಲ್ಲೇ ವಿಶ್ರಾಂತಿ.

ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಅರಂತೋಡಿನ ಗೆಳತಿ, ಮೊಣಗಂಟಿನ ನೋವಿನವಳು, ಹೇಳಿದಳು: "ನನಗೆ ಎಂತ ಬೇಡ ಮಾರಾಯ್ತಿ. ನೀವೆಲ್ಲ ಹೋಗಿ ಬನ್ನಿ. ನಾನು ಹಡಗಲ್ಲೇ ಕೂತ್ಕೊಳ್ತೇನೆ."

ನಾನು ಹಾಗೆಯೇ ಟಿಕ್ ಹಾಕಿ ಕಳಿಸಿದೆ. ವೆರಿ ಎಫಿಶಿಯೆಂಟ್!

ನಮ್ಮ ಕಡೆ ಒಂದು ಕ್ರಮ ಉಂಟು. ಊಟಕ್ಕೆ ಕೂತವರು ಪಾಯಸ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಎರಡನೆಯ ಸಲ ಕೇಳಬೇಕು. ಮೂರನೆಯ ಸಲಕ್ಕೆ ಕೈ ಸರಿಯುತ್ತದೆ. ಮೊದಲ 'ಬೇಡ'ಕ್ಕೇ ಸೌಟು ಎತ್ತಿಕೊಂಡು ಮುಂದೆ ಹೋದವಳ ಸುದ್ದಿ ವರ್ಷಗಟ್ಟಲೆ ಮಾತಿನಲ್ಲಿರುತ್ತದೆ. ಐವತ್ತು ವರ್ಷ ಈ ಕ್ರಮದಲ್ಲೇ ಬಡಿಸಿದವಳು ನಾನು. ಆದರೆ ಕೈಗೆ ಫಾರ್ಮೂ ಪೆನ್ನೂ ಬಂದ ಕೂಡಲೇ ಸಿಸ್ಟರ್ ಕಲಿಸಿದ ಹುಡುಗಿಯಾಗಿಬಿಟ್ಟೆ: ಯೆಸ್ ಆರ್ ನೋ, ಗರ್ಲ್ಸ್, ಡೋಂಟ್ ವೇಸ್ಟ್ ಟೈಮ್.

ಹೊರಡಲು ಮೂರು ವಾರ ಇರುವಾಗ ಅವಳ ಮನೆಗೆ ಹೋದೆ. ಮಂಚದ ಕೆಳಗೆ ಒಂದು ಜೊತೆ ರಬ್ಬರ್ ಶೂ ಇತ್ತು, ನೀರಿಗೆ ಇಳಿಯುವಾಗ ಹಾಕುವಂಥದ್ದು. ಅಂಗಡಿಯ ಚೀಟಿ ಇನ್ನೂ ಅದರಲ್ಲೇ ನೇತಾಡುತ್ತಿತ್ತು.

"ಇದು ಯಾರಿಗೆ?"

"ನನಗೇ." ಅವಳು ಕಿಟಕಿಯ ಕಡೆ ತಿರುಗಿದಳು. "ನೀನು ಇನ್ನೊಂದು ಸಲ ಕೇಳ್ತಿ ಅಂತ ಕಾಯ್ತಾ ಇದ್ದೆ."

ಆಗ ನೆನಪಾಯಿತು. ಶಾಲೆಯಲ್ಲಿ ಭೂಗೋಳದ ಕಪಾಟಿನ ಮೇಲೆ ಒಂದು ಹವಳದ ತುಂಡು ಇತ್ತು, ಸುಣ್ಣದಷ್ಟು ಬಿಳಿ. "ಇದು ಸತ್ತದ್ದು," ಎಂದು ಏಳನೇ ಕ್ಲಾಸಿನಲ್ಲಿ ಅವಳು ನನ್ನ ಕಿವಿಯಲ್ಲಿ ಹೇಳಿದ್ದಳು. "ಜೀವ ಇರುವಾಗ ಬಣ್ಣ ಉಂಟಂತೆ. ಒಂದು ದಿನ ನೋಡ್ಬೇಕು." ಗಾಜಿನ ದೋಣಿಯಿಂದ ಕಾಣುವುದು ಅದೇ. ಅವಳ ಆ ಒಂದು ದಿನವನ್ನು ನಾನು ಒಂದು ಟಿಕ್‌ನಲ್ಲಿ ಮುಗಿಸಿದ್ದೆ.

ಪುತ್ತೂರಿನ ಟ್ರಾವೆಲ್ಸಿನವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಉಳಿದ ಎರಡಕ್ಕೆ ಸೇರಿಸ್ತೇನೆ ಆಂಟಿ. ಗಾಜಿನ ದೋಣಿ ಫುಲ್. ಮತ್ತೆ, ಹಡಗಿನ ಏಣಿಯಿಂದ ದೋಣಿಗೆ ಇಳೀಲಿಕ್ಕೆ ಆಗದಿದ್ರೆ ಯಾವುದಕ್ಕೂ ಬಿಡುದಿಲ್ಲ ಅವರು."

ಸೀಟಿನ ವಿಷಯ ಆಮೇಲೆ, ಮೊದಲು ಇಳಿಯಲು ಕಲಿಯಬೇಕು. ಏಣಿ ಎಲ್ಲಿಂದ ತರುವುದು? ಅರಂತೋಡಿನಲ್ಲಿ ಒಳಊರಿಗೆ ಜನ ತುಂಬಿಕೊಂಡು ಹೋಗುವ ಸರ್ವಿಸ್ ಜೀಪು ಉಂಟಲ್ಲ! ಹಿಂದುಗಡೆ ಒಂದೇ ಒಂದು ಕಬ್ಬಿಣದ ಮೆಟ್ಟಿಲು. ಅದರಲ್ಲೇ ಅಭ್ಯಾಸ ಸುರುವಾಯಿತು: ಮುಖ ಒಳಗೆ, ಬೆನ್ನು ಹೊರಗೆ, ಕಂಬಿ ಗಟ್ಟಿ ಹಿಡಿದು ನೋವಿನ ಬಲಗಾಲು ಮೊದಲು.

"ಅಮ್ಮಾ, ಹಡಗು ನನ್ನ ಜೀಪಿನ ಹಾಗೆ ಸುಮ್ಮನೆ ನಿಲ್ಲುದಿಲ್ಲ, ಅಲ್ಲಾಡ್ತದೆ," ಎಂದ ಡ್ರೈವರ್.

"ಹಾಗಾದ್ರೆ ನೀನು ಇಂಜಿನ್ ಆಫ್ ಮಾಡ್ಬೇಡ," ಎಂದಳು ಗೆಳತಿ. "ಇದೂ ಅಲ್ಲಾಡ್ತದೆ."

ಒಳಗೆ ಕೂತವರಿಗೆ ತಾಳ್ಮೆ ಎಷ್ಟಿದ್ದೀತು? "ಇಳಿಯುದಾ, ಹತ್ತುದಾ, ಒಂದು ಮಾಡಿ ಮಾರಾಯ್ರೆ, ನಮಗೆ ಮನೆಗೆ ಹೋಗ್ಲಿಕ್ಕುಂಟು!" ಮೂರನೆಯ ವಾರ ಬರುವಾಗ ಅದೇ ಜನ "ಬಲಗಾಲು ಅಕ್ಕಾ, ಬಲಗಾಲು ಮೊದಲು!" ಎಂದು ಒಟ್ಟಿಗೆ ಹೇಳಿಕೊಡುತ್ತಿದ್ದರು.

ಮೊದಲ ದ್ವೀಪ. ನೀರು ಎಳೆ ಹಸಿರು. ದಢ್, ದಢ್. ಉಳಿದ ಇಬ್ಬರು ಗೆಳತಿಯರು ಆಗಲೇ ದೋಣಿಯಲ್ಲಿ ಕೂತಿದ್ದರು. ಏಣಿಯ ಬಾಯಲ್ಲಿ ನಿಂತ ಅಧಿಕಾರಿ ಪಟ್ಟಿಯ ಮೇಲೆ ಬೆರಳು ಓಡಿಸಿ ತಲೆಯಾಡಿಸಿದರು. "ನಾಟ್ ಇನ್ ದ ಲಿಸ್ಟ್, ಮೇಡಂ."

"ದ ಮಿಸ್ಟೇಕ್ ಈಸ್ ಮೈನ್, ಸರ್, ನಾಟ್ ಹರ್ಸ್," ಎಂದೆ, ಸಿಸ್ಟರ್ ಇದ್ದಿದ್ದರೆ ಫುಲ್ ಮಾರ್ಕ್ಸ್ ಕೊಡುವಷ್ಟು ಸ್ಪಷ್ಟವಾಗಿ. ನನ್ನ ಹೆಸರು ಹೊಡೆದು ಅವಳದ್ದು ಬರೆಯಿರಿ ಎಂದು ಕೇಳಿದೆ. ಅವರು ಅವಳ ಮೊಣಗಂಟಿಗೆ ಸುತ್ತಿದ ಬ್ಯಾಂಡೇಜು ನೋಡಿದರು, ನನ್ನ ಮುಖ ನೋಡಿದರು, ಬರೆದರು.

"ಮತ್ತೆ ನೀನು?" ಎಂದಳು ಅವಳು.

"ನನಗೆ ಬೇಡ."

"ಬಾ ಮಾರಾಯ್ತಿ. ನಾನು ಬೇಕಾದ್ರೆ ದೀಪಸ್ತಂಭ ನೋಡ್ತೇನೆ."

"ಬೇಡ."

"ನೋಡು, ಇದು ಮೂರನೇ ಸಲ ಕೇಳುದು."

"ಬೇಡಾಂದ್ರೆ ಬೇಡ! ನಿನ್ನ ಬಲಗಾಲು ನೋಡ್ಕೋ."

ಅವಳು ತಿರುಗಿ ನಿಂತು ಕಂಬಿ ಹಿಡಿದಳು. ಒಂದೊಂದೇ ಮೆಟ್ಟಿಲು ಇಳಿದಳು. ದೋಣಿ ಮೇಲೆ ಬಂತು, ಕೆಳಗೆ ಹೋಯಿತು, ಅವಳು ಕಾದಳು. ಮತ್ತೆ ಮೇಲೆ ಬಂದಾಗ ಅರಂತೋಡಿನ ರಸ್ತೆಗೆ ಇಳಿದಷ್ಟೇ ಸಲೀಸಾಗಿ ಬಲಗಾಲು ಊರಿದಳು. ನಾನು ಕಟಕಟೆಯಿಂದ ಬಗ್ಗಿ ಬಸ್ಸು ಹೊರಡಿಸುವ ನಮ್ಮ ತುಳು ಕಂಡಕ್ಟರರ ಹಾಗೆ "ರೈಟ್ ಪೋಯಿ!" ಎಂದು ಕೂಗಿದೆ. ಕಾನ್ವೆಂಟಿನಲ್ಲಿ ಕಲಿತ ಡಿಗ್ನಿಟಿ ಅಷ್ಟೂ ಅರಬ್ಬೀ ಸಮುದ್ರಕ್ಕೆ ಹೋಯಿತು.

ಮಧ್ಯಾಹ್ನ ಬಂದವಳು ಊಟ ತಣಿಯುವವರೆಗೂ ವರದಿ ಒಪ್ಪಿಸಿದಳು. "ನೇರಳೆ ಉಂಟು, ಹಳದಿ ಉಂಟು. ಒಂದು ಮೀನು ಮಾತ್ರ ನಮ್ಮ ಹೆಡ್‌ಮಿಸ್ಟ್ರೆಸ್ ಹಾಗೆಯೇ ನೋಡ್ತಿತ್ತು!" ನಾನು ಆ ಹವಳ ನೋಡಲಿಲ್ಲ. ಆದರೂ ಕೇಳಿದರೆ ಒಂದೊಂದು ಬಣ್ಣವನ್ನೂ ಹೇಳಬಲ್ಲೆ.

ಹಿಂದೆ ಬರುವಾಗ ಕಾಸರಗೋಡಿನಲ್ಲಿ ರೈಲಿನಿಂದ ಇಳಿದು ಬಾಡಿಗೆ ಜೀಪು ಹಿಡಿದೆವು. ಜಾಲ್ಸೂರಿನಲ್ಲಿ ದಾರಿ ಬೇರೆಯಾಗುತ್ತದೆ, ನಮಗೆ ಪುತ್ತೂರಿನ ಕಡೆ, ಅವಳಿಗೆ ಅರಂತೋಡಿಗೆ ಹೋಗಲು ಸುಳ್ಯದ ಬಸ್ಸು. ನಾನು ಚಾಚಿದ ಕೈಗೆ ಚೀಲ ಕೊಟ್ಟು, ಅವಳು ಬೆನ್ನು ತಿರುಗಿಸಿ ತಾನಾಗಿಯೇ ಇಳಿದಳು. ಚೀಲ ತೆಗೆದುಕೊಂಡಳು. ಕಾಲಲ್ಲಿ ಅದೇ ರಬ್ಬರ್ ಶೂ. ಜೀಪಿನ ಹಿಂದಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್ ಪೋಯಿ!" ಎಂದಳು.

ಜೀಪು ಹೊರಟಿತು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಅದು.