ಮೂರನೇ ಬರ್ನರಿನ ಬಾಣಂತಿ

ಮೂರನೇ ಬರ್ನರ್ ಹಚ್ಚಿದ ಕೂಡಲೇ ಬೆಂಕಿ ಮೇಲೆ ಬರುವ ಬದಲು ಕೆಳಗೆ, ತಿರುಪಿನ ಹತ್ತಿರ ಭುಗ್ಗೆಂದಿತು. ಬೆಚ್ಚಿಬಿದ್ದು ಸಿಲಿಂಡರ್ ಆಫ್ ಮಾಡಿದೆ. ಅಮೃತೂರಿನ ನಮ್ಮ ತೆಂಗಿನ ತೋಟದಲ್ಲಿ ಮಳೆಗಾಲವೆಲ್ಲ ಮುಚ್ಚಿಟ್ಟಿದ್ದ ಗ್ಯಾಸ್ ಗ್ರಿಲ್ ಅದು. ಎರಡು ಬರ್ನರಿನದು ಸಾಕೆಂದು ಅತ್ತೆ ಗೊಣಗಿದರೂ ಹಟ ಹಿಡಿದು ಮೂರರದ್ದನ್ನೇ ತಂದವಳು ನಾನು.

ತಣ್ಣಗಾದ ಮೇಲೆ ಬರ್ನರಿನ ಕೊಳವೆ ಬಿಚ್ಚಿ ಟಾರ್ಚ್ ಬಿಟ್ಟೆ. ಗ್ಯಾಸ್ ಹೋಗುವ ದಾರಿಗೆ ಅಡ್ಡಲಾಗಿ ಹತ್ತಿಯುಂಡೆಯಂಥ ಮೊಟ್ಟೆಗೂಡು, ಅದನ್ನು ಅಪ್ಪಿಕೊಂಡು ಕೂತ ಜೇಡ. ಪುಣ್ಯಕ್ಕೆ ಬೆಂಕಿ ಅಲ್ಲಿಯವರೆಗೆ ಹೋಗಿರಲಿಲ್ಲ. ನಾನು ಬ್ರಷ್ ಎತ್ತಿಕೊಂಡೆ. ಅತ್ತೆ ಕೈ ಹಿಡಿದರು.

"ಬಾಣಂತಿನ ಯಾರಾದ್ರೂ ಎಬ್ಬುಸ್ತಾರೇನವ್ವ? ಎರಡ್ರಲ್ಲೇ ಬೇಯ್ಸು. ಸಾಕು ಅಂತ ನಾನ್ ಅವತ್ತೇ ಯೋಳಿರ್ಲಿಲ್ವಾ?"

ಕೊಳವೆಯನ್ನು ಮೆಲ್ಲಗೆ ಒಯ್ದು ಹಲಸಿನ ಮರದ ಕವಲಿನಲ್ಲಿಟ್ಟರು. ಬಾಣಂತಿ ಕೋಣೆಯ ಬಾಗಿಲಿಗೆ ಸಿಕ್ಕಿಸುವಂತೆ ಅದರ ಬಾಯಿಯ ಪಕ್ಕ ಬೇವಿನ ಸೊಪ್ಪನ್ನೂ ಸಿಕ್ಕಿಸಿದರು. ಗ್ರಿಲ್ಲಿನ ಆ ತಿರುಪನ್ನು ಯಾರೂ ಮುಟ್ಟದಂತೆ ನಾನು ಬಟ್ಟೆ ಕಟ್ಟಿದೆ. ನೆಂಟರಿಗೆ ಕೋಳಿ ಬೇಯುವುದು ತಡವಾಯಿತು.

ಬೇವಿನ ಸೊಪ್ಪು ಒಣಗಿ ಉದುರಿದ ಮೇಲೆ ಒಂದು ಸಂಜೆ ಅತ್ತೆ ನನ್ನನ್ನು ಕೂಗಿದರು. ಗರಿಗಳ ಸಂದಿಯಿಂದ ಇಳಿದ ಬಿಸಿಲಲ್ಲಿ, ಕಾಣಿಸಿಯೂ ಕಾಣಿಸದ ಎಳೆಗಳಿಗೆ ಜೋತುಬಿದ್ದು ಸಾಸಿವೆಗಿಂತ ಸಣ್ಣ ಮರಿಗಳು ಗಾಳಿಯಲ್ಲಿ ತೇಲಿ ಹೋಗುತ್ತಿದ್ದವು. ತೋಟವೇ ನಿದ್ದೆಯಲ್ಲಿ ಉಸಿರಾಡುತ್ತಿದ್ದಂತಿತ್ತು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, ತವರಿನಿಂದ ಮಗಳನ್ನು ಕಳಿಸುವ ದನಿಯಲ್ಲಿ ಅಂದರು: "ಉಸಾರಾಗ್ ಓಗ್ಬನ್ನಿ."

ಈಗ ಗ್ರಿಲ್ ಹಚ್ಚುವ ಮುನ್ನ ಮೂರೂ ಕೊಳವೆಗಳಿಗೆ ತಪ್ಪದೆ ಬ್ರಷ್ ಆಡಿಸುತ್ತೇನೆ. ಅದಕ್ಕೂ ಮುಂಚೆ ಟಾರ್ಚ್ ಹಿಡಿದು ಒಳಗೆ ಇಣುಕುತ್ತೇನೆ, ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತ ಹಾಗೆ.