ಅತ್ತೆಯ ಹೊರಸಿನ ಮೇಲಿನ ಚಪ್ಪರಬದನಿ

ಅತ್ತೆ ಬಿದ್ದದ್ದು ನನ್ನಿಂದ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಅನ್ನಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸೊರಡಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಟೊಮೆಟೊಗೆ ನಮ್ಮ ಕಡೆ ಚಪ್ಪರಬದನಿ ಅನ್ನುತ್ತೇವೆ. ಉಮದಿ ಸಂತೆಯಿಂದ ತಂದ ಹಣ್ಣಿನ ಬೀಜ ಉಳಿಸಿ, ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಸಸಿ ಎಬ್ಬಿಸಿದ್ದೆ. ಮನೆಯ ಆಡು ಎರಡನ್ನು ಮುಗಿಸಿತು. ಅದನ್ನು ಓಡಿಸಲು ಬಂದ ಅತ್ತೆ, ನಾನು ಆಗಷ್ಟೇ ನೀರು ಚೆಲ್ಲಿದ್ದ ಹಾಸುಗಲ್ಲಿನ ಮೇಲೆ ಜಾರಿದರು. ಕಾಲಿನ ಎಲುಬು ಮುರಿಯಿತು.

ಎಲುಬು ಕಟ್ಟುವ ಮುದುಕ ಅಸಂಗಿಯಿಂದ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. "ಮೂರ ತಿಂಗಳ ಈ ಕಾಲು ನೆಲಕ್ಕ ಹಚ್ಚಬ್ಯಾಡ್ರಿ. ಹಚ್ಚಿದ್ರ ಸಾಯೂತನಕ ಕುಂಟೂದ" ಎಂದ.

ನಮ್ಮ ಅತ್ತೆ ಕುಳಿತು ಉಂಡವರಲ್ಲ. ಪಡಸಾಲೆಯ ಹೊರಸಿನಲ್ಲಿ ಮಲಗಿಸಿದ ಮರುದಿನವೇ ಆಡು ಉಳಿದ ಸಸಿಗಳತ್ತ ಹೊರಟಿತು, ಇವರು ದಡಕ್ಕನೆ ಎದ್ದು ಕಾಲು ಇಳಿಸಲು ಹೋದರು. ನಾನು ಓಡಿಬಂದು ಹಿಡಿದು ಮಲಗಿಸಿದೆ. ಆಡನ್ನು ಕಟ್ಟಿಹಾಕಿದರೆ ಅದು ಒದರುವುದು, "ಬಿಚ್ಚ, ಪಾಪ" ಎಂದು ಇವರ ರಗಳೆ. ಕೊನೆಗೆ ಎರಡೂ ಸಸಿ ಕಿತ್ತು, ಎಣ್ಣೆ ಡಬ್ಬಿಗಳಲ್ಲಿ ನೆಟ್ಟು, ಹೊರಸಿನ ಮೇಲಿನ ತೊಲೆಗೆ ತೂಗುಹಾಕಿದೆ.

"ಇನ್ನ ಸುಮ್ಮನ ನೋಡಕೋತ ಮಲಗ್ರಿ."

"ಏನ್ ನೋಡ್ಲಿ? ಡಬ್ಬಿ ತಳಾನ? ತುಕ್ಕ ಹಿಡದೈತಿ."

ಮೈಯೆಲ್ಲ ಉರಿಯಿತು. ಎರಡೂ ಡಬ್ಬಿ ಇಳಿಸಿದೆ, ಮೊಳೆ ಬಡಿದು ಬಡಿದು ತಳಕ್ಕೆ ಎರಡು ಬೆರಳಗಲದ ತೂತು ಮಾಡಿದೆ. ಸಸಿಯ ತಲೆಯನ್ನು ತೂತಿನಿಂದ ಕೆಳಗೆ ಇಳಿಬಿಟ್ಟು, ಬುಡಕ್ಕೆ ಗೋಣಿಚೂರು ಒತ್ತಿ ಮಣ್ಣು ತುಂಬಿದೆ.

"ತಗೋರಿ, ಈಗ ಅದ ನಿಮ್ಮನ್ನ ನೋಡ್ತೈತಿ!"

"ಯವ್ವಾ, ಬಾವಲಿ ಹಂಗ ಜೋತು ಬಿಟ್ಟಿಯಲ್ಲ!" ಎಂದು ಅತ್ತೆ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅಂದೇ ಮೊದಲು.

ಎರಡೂ ಸಾಯುತ್ತವೆ ಅಂದುಕೊಂಡಿದ್ದೆ. ಒಂದು ಸತ್ತಿತು. ಇನ್ನೊಂದು ಜೋತಾಡುತ್ತಲೇ ತುದಿಯನ್ನು ಮೇಲಕ್ಕೆ ಡೊಂಕು ಮಾಡಿಕೊಂಡು ಬೆಳೆಯಿತು. ನೀರು ಹೆಚ್ಚಾದರೆ ಅತ್ತೆಯ ಎದೆ ಮೇಲೆ ತೊಟ್ಟಿಕ್ಕುತ್ತಿತ್ತು. "ನನಗ ಜಳಕಾ ಮಾಡಸ್ತಿ ಏನ?" ಎಂದು ಬೈಗುಳ ಶುರುವಾಗುತ್ತಿತ್ತು. ಎಲ್ಲಿ ಹೂವು ಬಿಟ್ಟಿದೆ, ಎಲ್ಲಿ ಹುಳ ಹತ್ತಿದೆ ಎಂದು ಮಲಗಿದಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಆಡು ಹೊರಸಿಗೆ ಮುಂಗಾಲಿಟ್ಟರೆ ಬೀಸಣಿಕೆಯಿಂದ ಅದರ ಮೂತಿಗೆ ಒಂದು ಏಟು. ಆದರೆ ಅವರ ಕಾಲು ಮಾತ್ರ ಕೆಳಗಿಳಿಯಲಿಲ್ಲ.

ಮೂರು ತಿಂಗಳಿಗೆ ಮುದುಕ ಬಂದು ಕಟ್ಟು ಬಿಚ್ಚಿದ. ಎಂಟು ದಿನ ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಅಷ್ಟರಲ್ಲಿ ಒಂದೇ ಒಂದು ಹಣ್ಣು ಕೆಂಪಾಗಿತ್ತು, ಕೈ ಚಾಚಿದರೆ ಸಿಗುತ್ತಿತ್ತು. "ಹರಕೊಳ್ರಿ" ಅಂದರೆ, "ನಿಂತ ಹರೀತೀನಿ" ಅಂದರು.

ಒಂಬತ್ತನೆಯ ಬೆಳಿಗ್ಗೆ ನನ್ನ ಹೆಗಲು ಹಿಡಿದು ನಿಂತರು. ಹಣ್ಣು ಹರಿದರು. ಹೆಗಲು ಬಿಟ್ಟು ಮೆಲ್ಲಗೆ ಅಂಗಳಕ್ಕಿಳಿದು ನೇರ ಆಡಿನ ಹತ್ತಿರ ಹೋಗಿ, ಅದರ ಬಾಯಿಗೆ ಹಣ್ಣು ಹಿಡಿದರು.

"ಮೂರ ತಿಂಗಳಾತು, ಬಾಯಿ ತಕ್ಕೊಂಡು ನೋಡ್ಲಾಕತ್ತೈತಿ, ಪಾಪ."

ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವಂತೆ ಜಗಳ ತೆಗೆಯುತ್ತಿದ್ದೆ. ಅಂದು ನಾನು ಹಣ್ಣನ್ನು ನೋಡಲೇ ಇಲ್ಲ. ಅವರ ಕಾಲನ್ನೇ ನೋಡುತ್ತಿದ್ದೆ. ಹೋದರು, ತಿರುಗಿ ಬಂದರು. ಕುಂಟಲಿಲ್ಲ. ಅದೇ ಹೊರಸಿನ ಮೇಲೆ ಕುಸಿದು ಗಳಗಳನೆ ಅತ್ತುಬಿಟ್ಟೆ.

ಅತ್ತೆ ಪಕ್ಕ ಬಂದು ಕುಳಿತು, ಸೆರಗಿನಿಂದ ನನ್ನ ಮುಖ ಒರೆಸಿದರು. "ಒಂದ ಹಣ್ಣಿಗಿ ಇಷ್ಟ ಅಳ್ತಾರೇನ, ಹುಚ್ಚಿ?"